ತಿರುಗಿಸಿದ ಕೈ

ಮಟ್ಸಿಯೆಂಗ್,
ಆಗಸ್ಟ್ 18, ಸೋಮವಾರ

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಈ ಆಗಸ್ಟಿನ ಚಳಿ ಇಳಿಯುವವರೆಗೆ ಬೆಳಗಾಗೆದ್ದು ಆಡುಗಳ ಹಿಂದೆ ಓಡಬೇಡ ಅಂದರೆ ನೀನು ಕೇಳುವವಳಲ್ಲ, ಆದರೂ ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ಜೋಳದ ಗಂಜಿ ಮಾತ್ರ ನೀರು ನೀರು. ವಿಮಾನ ಹಾರಿಸುವುದನ್ನು ಕಲಿಯಲು ಬಂದಾಗಿನಿಂದ ನೀನು ಫೋನಿನಲ್ಲಿ ಊಟ ಆಯ್ತಾ ಎಂದಷ್ಟೇ ಕೇಳಿ ಅತ್ತೆಯ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ಮೇಷ್ಟ್ರು ಕೆಬೊನಾಂಗ್ ಅಂತ, ಮಹಾ ಮುಂಗೋಪಿ. ಹಾರುತ್ತಿರುವಾಗ ಹೇಳದೆ ಕೇಳದೆ ಇಂಜಿನ್ನಿನ ಹಿಡಿ ಹಿಂದಕ್ಕೆಳೆದು, "ಇಂಜಿನ್ ಹೋಯ್ತು, ಈಗೇನ್ ಮಾಡ್ತೀಯ?" ಅನ್ನುತ್ತಾರೆ. ನಾನು ಮುಳ್ಳುಮರ, ದನ ಇಲ್ಲದ ಹೊಲವೊಂದನ್ನು ಆರಿಸಿ ಸದ್ದಿಲ್ಲದೆ ಇಳಿಸುತ್ತಾ ಬರಬೇಕು. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಮತ್ತೆ ಇಂಜಿನ್ ಜೋರು ಮಾಡಿ ಮೇಲೇರುತ್ತೇವೆ. ದನ ಕಾಯುವವರು ಈಗ ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದಾರೆ.

ಮಂಗಳವಾರದ ಪಾಠ ಬೇರೆ. ನೆಲ ಬಿಟ್ಟ ತಕ್ಷಣ ಇಂಜಿನ್ ನಿಂತರೆ ಹಿಂದಕ್ಕೆ ತಿರುಗಬಾರದು, ಅಷ್ಟು ಎತ್ತರ ಇರುವುದಿಲ್ಲ. ಎದುರಿಗೆ ಏನಿದೆಯೋ ಅಲ್ಲೇ ಇಳಿಯಬೇಕು. ಇದನ್ನು ನಾನು ಬಾಯಿಪಾಠ ಮಾಡಿದ್ದೆ. ಮೇಷ್ಟ್ರು ಬಹಳ ಎತ್ತರಕ್ಕೆ ಒಯ್ದು, "ಇದೇ ನೆಲ ಅಂದ್ಕೊ, ಈಗ ಹೊರಡು" ಅಂದರು. ಸ್ವಲ್ಪ ಏರಿದ್ದೆನೋ ಇಲ್ಲವೋ, ಹಿಡಿ ಎಳೆದರು. ಅಮ್ಮಾ, ನಾನು ಹಿಂದಕ್ಕೆ ತಿರುಗಿಸಿದೆ. ವಿಮಾನ ಪೂರ್ತಿ ತಿರುಗುವಷ್ಟರಲ್ಲಿ ಅಂದುಕೊಂಡ ನೆಲಕ್ಕಿಂತ ಎಷ್ಟೋ ಕೆಳಗಿದ್ದೆವು. "ಈಗ ನಾವಿಬ್ರೂ ಮಣ್ಣೊಳಗಿದ್ದೀವಿ ಕಣಮ್ಮ" ಅಂದರು. ನನಗೆ ಅಳುವೇ ಬಂತು. ಇಳಿದ ಮೇಲೆ ಚಹಾ ಕೊಡಿಸಿ, "ಮೊದಲ್ನೇ ಸಲ ತಿರುಗಿಸದೇ ಇರೋರನ್ನ ನಾನಿನ್ನೂ ನೋಡಿಲ್ಲ. ನಾನೂ ತಿರುಗಿಸಿದ್ದೆ. ಬಿಟ್ಟು ಬಂದ ನೆಲಾನೇ ಗಟ್ಟಿ ಅನ್ಸುತ್ತೆ" ಅಂದರು.

ಎಲ್ಲರ ಮನೆಯಲ್ಲೂ ಎಣ್ಣೆಯಲ್ಲಿ ಕರಿಯುವ ಹಿಟ್ಟಿನುಂಡೆ, ಮಗ್ವಿನ್ಯ, ನಮ್ಮ ಮನೆಯಲ್ಲಿ ಯಾಕೆ ಕರಿಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಆಮೇಲೆ ಅತ್ತೆ ಹೇಳಿದಳು. ಅಪ್ಪ ಕೊನೆಯ ಸಲ ವಿಮಾನ ಹಾರಿಸಲು ಹೊರಟ ದಿನ ಮಗ್ವಿನ್ಯದ ಡಬ್ಬಿ ಮರೆತು ಹೋಗಿದ್ದ, ನೀನು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಓಡಿ, ವಿಮಾನ ಏರುತ್ತಿದ್ದಂತೆ ಶಾಲು ಬೀಸಿದ್ದೆ. ಇಂಜಿನ್ ನಿಂತೇ ವಿಮಾನ ಬಿದ್ದದ್ದು ಎಂದು ಊರವರು ಅಂದರೂ ನಿನ್ನದು ಒಂದೇ ಮಾತು: "ಮುಂದೆ ಬಯಲಿತ್ತು. ನಾನು ಕರೆದೆ ಅಂತ ತಿರುಗಿದ." ಅಪ್ಪನಿಗೆ ಯಾರಾದರೂ ಒಮ್ಮೆ ಹೀಗೆ ಮೇಲೆ ಒಯ್ದು ಮಾಡಿಸಿದ್ದರೋ ಇಲ್ಲವೋ.

ಅತ್ತೆಗೆ ನಮಸ್ಕಾರ ತಿಳಿಸು. ಆಡುಗಳಿಗೆ ಬೈಗುಳ ಕಡಿಮೆ ಇರಲಿ.

ನಿನ್ನ ಮಗಳು,
ಬೊನೊಲೊ

ತಾಜಾ ಕಲಂ: ಅಂಚೆಯವನು ಬಂದ, ಬೇಗ ಬೇಗ ಬರೆಯುತ್ತಿದ್ದೇನೆ. ಮಂಗಳವಾರ ನನ್ನ ಕೆಳಗೆ ಯಾರೂ ಶಾಲು ಬೀಸುತ್ತಿರಲಿಲ್ಲ ಅಮ್ಮಾ, ಆದರೂ ತಿರುಗಿಸಿದೆ. ನೀನು ಅಂದು ಮನೆಯಲ್ಲೇ ಮಲಗಿದ್ದರೂ ಅಪ್ಪ ತಿರುಗಿಸುತ್ತಿದ್ದ. ತಿಂಗಳ ಕೊನೆಗೆ ಊರಿಗೆ ಬರುತ್ತೇನೆ, ಮಗ್ವಿನ್ಯ ಕರಿ. ಹೊರಡುವಾಗ ಡಬ್ಬಿ ಮರೆತರೆ ಶಾಲು ಬೀಸು, ಬಸ್ಸಿನಿಂದ ಇಳಿದು ಬರುತ್ತೇನೆ.