ಅವಳ ಹೆಸರು ಅವಳೇ ಹೇಳಲಿ

ತಾಳಗುಂದ
20 ಆಗಸ್ಟ್ 2024

ಪ್ರೀತಿಯ ಶಾಲಿನಿ ಅಕ್ಕನಿಗೆ,

ತಂಗಿ ನೀಲಾಂಬಿಕಳ ಶರಣು. ಜಡೆಯಲ್ಲಿ ನೀನು, ಭಾವ, ಮಕ್ಕಳು ಕ್ಷೇಮವೇ? ಇಷ್ಟು ದಿನ ಸುದ್ದಿಯೇ ಕೊಡಲಿಲ್ಲ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಮಗಳು ಗಂಗಾಶ್ರೀ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಕಾಗದ.

ಮೆಕ್ಕೆಜೋಳ ಚೆನ್ನಾಗಿ ಬಂದಿದೆ. ಮಗಳ ಉಗ್ಗು ಹಾಗೇ ಇದೆ. ಮಾವನವರು ದಿನಾ ಅವಳ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಿದ್ದರು. ಖಾರಕ್ಕೆ ಅವಳು ಅಳುತ್ತಿದ್ದಳು. ಶಿವಮೊಗ್ಗದಲ್ಲಿ ಮಾತಿನ ಚಿಕಿತ್ಸೆ ಕೊಡುವ ನಯನ ಮೇಡಂ ಹತ್ತಿರ ಹೋದೆವು. "ನಾಲಿಗೇದು ಏನೂ ತಪ್ಪಿಲ್ಲಮ್ಮ, ನಿಮ್ದೂ ತಪ್ಪಿಲ್ಲ. ಅವಳ ಮಾತು ನೀವು ಮುಗಿಸ್ಬೇಡಿ, ಕಾಯಿರಿ" ಎಂದರು. ಮನೆಗೆ ಬಂದವಳೇ ಬಜೆಯ ಬೇರನ್ನು ಒಲೆಗೆ ಹಾಕಿದೆ. ಮಾವ ಎರಡು ದಿನ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಸ್ವಾತಂತ್ರ್ಯ ದಿನಾಚರಣೆಗೆ ಒಂದನೇ ಕ್ಲಾಸಿನ ಮಕ್ಕಳೆಲ್ಲ ಮೈಕಿನಲ್ಲಿ ತಮ್ಮ ಹೆಸರು, ಊರು ಹೇಳಬೇಕಿತ್ತು. ಅವರ ಚೈತ್ರ ಟೀಚರ್ ನನ್ನನ್ನು ಕರೆದು, "ಗಂಗಾಶ್ರೀ ಬಾವುಟ ಹಿಡ್ಕಂಡು ನಿಂತ್ರೆ ಸಾಕ್ರೀ. ಹೆಸ್ರು ಪಕ್ಕದ ಹುಡುಗಿ ಹೇಳ್ತಾಳೆ" ಎಂದರು.

"ನನ್ ಮಗಳ ಹೆಸ್ರು ಬ್ಯಾರೆಯವ್ರು ಯಾಕ್ ಹೇಳ್ಬೇಕ್ರೀ?"

"ಜನ ನಗ್ತಾರೆ ಅಂತ..."

"ನಗೋರಿಗೆ ಬುದ್ಧಿ ಹೇಳ್ರಿ. ನನ್ ಮಗಳ ಬಾಯಿ ಕಟ್ಟಬ್ಯಾಡ್ರಿ."

ಟೀಚರ್ ಕೊನೆಗೆ ಒಪ್ಪಿದರು.

ಅವತ್ತು ಮೈಕ್ ಮುಂದೆ ನಿಂತವಳು "ಗ... ಗ... ಗ" ಎಂದು ಸಿಕ್ಕಿಕೊಂಡಳು. ಯಾರೋ ಕಿಸಕ್ಕೆಂದರು. ಹಿಂದಿನಿಂದ ಇನ್ಯಾರೋ "ಗಂಗಾಶ್ರೀ ಅನ್ನವ್ವಾ" ಎಂದು ಕೂಗಿದರು. ನಾನು ಎದ್ದು ನಿಂತೆ. "ಯಾರೂ ಹೇಳ್ಕೊಡಬ್ಯಾಡ್ರಿ. ಅವ್ಳೇ ಹೇಳ್ತಾಳೆ. ಸ್ವಲ್ಪ ತಡಕೊಳ್ರಿ." ಹೇಳಿದ ಮೇಲೂ ನಾನು ಕೂರಲಿಲ್ಲ ಅಕ್ಕ. ಇಡೀ ಮೈದಾನ ಕಾಯಿತು. ಅವಳು ಹೆಸರು ಹೇಳಿದಳು. ಊರು ಹೇಳಿದಳು. ಅಷ್ಟಕ್ಕೇ ಬಿಡದೆ, ಯಾರೂ ಕೇಳದಿದ್ದರೂ, ನಮ್ಮ ಎಮ್ಮೆ ಕರು ಹಾಕಿದ ಸುದ್ದಿಯನ್ನೂ ಹೇಳಿದಳು! ಚಪ್ಪಾಳೆ ಶುರು ಮಾಡಿದವರು ಮಾವನವರು.

ದೀಪಾವಳಿಗೆ ಬರುತ್ತೇವೆ. ಉಗ್ಗು ಹೋಗಿರುತ್ತದೆ ಎಂದು ಹೇಳಲಾರೆ. ನಿಮ್ಮ ಮನೆಯವರಿಗೆ ಈಗಲೇ ತಿಳಿಸಿಬಿಡು: ಅವಳು ಮಾತಾಡುವಾಗ ಯಾರೂ ಅವಸರ ಮಾಡಕೂಡದು. ಆಗದಿದ್ದರೆ ಹೇಳು, ನಾವು ಬರುವುದೇ ಇಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ,
ನೀಲಾಂಬಿಕ

ತಾ.ಕ.: ಇದನ್ನು ಯಾರಿಗೂ ಹೇಳಿಲ್ಲ. ಹೋದ ವರ್ಷ ನೆಂಟರೆದುರು ಅವಳು ಮಾತಿಗೆ ತಡವರಿಸಿದಾಗ, ನಾಚಿಕೆಯಿಂದ ನನ್ನ ಕೈಯಾರೆ ಅವಳ ಬಾಯಿ ಮುಚ್ಚಿದ್ದೆ. ಈಗಲೂ ಮಾತು ಸಿಕ್ಕಿಕೊಂಡರೆ ಅವಳ ಪುಟ್ಟ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಪ್ರತಿ ಸಲವೂ ಅದನ್ನು ಮೆಲ್ಲಗೆ ಕೆಳಗಿಳಿಸುತ್ತೇನೆ.