ಮರ ಹತ್ತುವ ಪಾದ, ತುದಿಬೆರಳ ಮೇಲೆ

ಅಪ್ಪಾ,

ಕೆಂಪಿಯ ಕಾಲು ಕೆಡಿಸಿದವಳು ನಾನು. ಅವಳು ಮರದಿಂದ ಬಿದ್ದಳೆಂದು ಎಲ್ಲರೂ ನಂಬಿದ್ದಾರೆ, ನಾನು ಸುಮ್ಮನಿದ್ದೇನೆ. ನಿನಗೆ ಅವಳು ಗೊತ್ತಿಲ್ಲ. ನೀನು ತೀರಿಹೋದ ಮೇಲೆ ನನಗೆ ಹಂಪಾಪುರದ ಹತ್ತಿರ, ಕಾಡಂಚಿನ ಬುಡಕಟ್ಟಿನವರ ಹಾಡಿಯ ಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಹುಡುಗಿ. ಹನ್ನೆರಡು ವರ್ಷ.

ನಾನು ರಷ್ಯಾದ ಬ್ಯಾಲೆ ನೃತ್ಯದ ಪುಸ್ತಿಕೆ ತಂದ ದಿನ ನೆನಪಿದೆಯಾ? ಬಿಳಿ ಉಡುಪಿನ ಹುಡುಗಿ ಕಾಲ್ಬೆರಳ ತುದಿಯ ಮೇಲೆ ನಿಂತ ಚಿತ್ರ. ಉಳುಕು ತೆಗೆಸಲು ಬಂದವರನ್ನು ಜಗುಲಿಯಲ್ಲೇ ಬಿಟ್ಟು ನೀನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. "ಹಿಮ್ಮಡಿ ಎಲ್ಲವ್ವಾ? ಮುಂದ್ಗಡೆಯಿಂದ ತೆಗ್ದವ್ರೆ. ಕಾಲು ನೋಡ್ಬೇಕಾರೆ ಹಿಂದೆ ನಿಂತ್ಕೊಂಡು ನೋಡ್ಬೇಕು ಕಣವ್ವ. ಹಿಮ್ಮಡಿ, ಗಿಣ್ಣು, ಮೀನಖಂಡ ಒಂದೇ ಗೆರೇಲಿ ನಿಂತ್ರೆ ಸೈ. ಇಲ್ದಿದ್ರೆ ಮಗುಚ್ಕೊಳ್ತದೆ."

"ನಿಂಗೆ ಕಲೆ ಗೊತ್ತಿಲ್ಲ ಬುಡಪ್ಪ" ಎಂದು ನಕ್ಕೆ. ಯಾಕೆ ನಕ್ಕೆ?

ಕೆಂಪಿ ತನ್ನ ಅಪ್ಪನ ಹಿಂದೆ ಜೇನುಮರ ಹತ್ತಿದ್ದನ್ನು ನೋಡಿದ ದಿನವೇ ಅವಳಿಗೆ ಆ ನೃತ್ಯ ಕಲಿಸಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ನೃತ್ಯ ಪಟ್ಟಣದ ಮಕ್ಕಳಿಗೆ ಮಾತ್ರ ಯಾಕೆ? ಇಂಥ ಗಟ್ಟಿ ಪಾದ ಅವರಲ್ಲಿ ಯಾರಿಗಿದೆ? ಕೊಪ್ಪದಲ್ಲಿ ಬೂಟು ಹೊಲಿಯುವ ಟಿಬೆಟಿನವರೊಬ್ಬರಿಗೆ ಚಿತ್ರ ತೋರಿಸಿ, ಬಟ್ಟೆಗೆ ಪದರ ಪದರವಾಗಿ ಅಂಟು ಹಾಕಿಸಿ, ಮೂತಿ ಗಟ್ಟಿಯಾದ ಜೋಡು ಹೊಲಿಸಿದೆ. ವರ್ಷಗಟ್ಟಲೆ ಅಭ್ಯಾಸವಾದ ಮೇಲೆಯೇ ತುದಿಬೆರಳು ಎಂದು ಪುಸ್ತಿಕೆಯಲ್ಲೇ ಇತ್ತು. ಕಾಡಿನ ಕಾಲಿಗೆ ಅದೆಲ್ಲ ಬೇಡ ಎಂದುಕೊಂಡೆ.

ಮೊನ್ನೆ ಬುಧವಾರ ಮಧ್ಯಾಹ್ನ ಅವಳು ಜೋಡು ಹಾಕಿಕೊಂಡು, ಶಾಲೆಯ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. "ಅಕ್ಕಾ, ಕಾಲು ಒಳೀಕ್ ಓಯ್ತದೆ." "ಎದರ್ಬ್ಯಾಡ, ಸರಳು ಬುಡು" ಎಂದೆ. ನಾನು ಮುಂದೆಯೇ ನಿಂತಿದ್ದೆ ಅಪ್ಪಾ, ಅವಳ ಮುಖ ನೋಡುತ್ತಾ. ಬಿಟ್ಟಳು. ಮರ ಹತ್ತುವವರ ಅಂಗಾಲು ಒಳಕ್ಕೆ ತಿರುಗಿ ಕಾಂಡವನ್ನು ಹಿಡಿಯಬೇಕು. ನಡೆಯಲು ಕಲಿತಾಗಿನಿಂದ ಅವಳ ಪಾದ ಕಲಿತದ್ದು ಅದನ್ನೇ. ಹಿಡಿಯಲು ಕಾಂಡವಿಲ್ಲದ ಕಡೆಯೂ ಅದು ಹಾಗೇ ತಿರುಗಿತು, ಮೈಭಾರವೆಲ್ಲ ಗಿಣ್ಣಿನ ಹೊರಬದಿಗೆ ಬಿತ್ತು. ಆ ಸದ್ದು...

ಅವಳ ತಾಯಿ ಮಾದಿ ಓಡಿ ಬಂದಾಗ ಕೆಂಪಿಯೇ ಮೊದಲು ಬಾಯಿ ಬಿಟ್ಟಳು. "ಮರದಿಂದ ಜಾರ್ದೆ ಕಣವ್ವ." ಜೋಡನ್ನು ಆಗಲೇ ಲಂಗದಡಿ ಸೇರಿಸಿದ್ದಳು. ಮಾದಿ ತಲೆಗೆ ಮೊಟಕಿದಳು. "ನಿಮ್ಮಪ್ಪನ ಮಗ್ಳೇನೇ ನೀನು? ನೆಟ್ಟಗೆ ಒಂದ್ ಮರ ಅತ್ತಕ್ ಬರದಾ?" ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಸದ್ಯ, ನೀವಿದ್ರಲ್ಲ ಮೇಡಮ್ಮೋರೆ."

ನಾನು ತಲೆಯಾಡಿಸಿದೆ.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಬಾವು ಮುಟ್ಟಿ ನೋಡಿ, "ಎತ್ತರದಿಂದ ಬಿದ್ದ ಕಾಲಿನ ಹಾಗಿಲ್ಲವಲ್ಲ. ನಿಜಕ್ಕೂ ಮರದಿಂದಲಾ?" ಎಂದು ಕೇಳಿದರು. ಕೆಂಪಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ನಿಜ ಗೊತ್ತಿಲ್ಲದೆ ಕಟ್ಟಿದ ಕಾಲು ಸೊಟ್ಟಗೆ ಕೂಡಿಕೊಂಡರೆ? ನಿಜ ಹೇಳಿದರೆ ಹಾಡಿಯವರು ತಮ್ಮ ಮಕ್ಕಳನ್ನು ಮತ್ತೆ ನನ್ನ ಹತ್ತಿರ ಬಿಡುತ್ತಾರಾ? ಅನ್ಯಾಯದ ಬಗ್ಗೆ ಅಷ್ಟೊಂದು ಓದಿದ್ದೆನಲ್ಲ, ನನ್ನದೇ ಎದುರು ಬಂದಾಗ...

ಇವತ್ತು ಬೆಳಿಗ್ಗೆ ಮಾದಿಗೆ ಹೇಳಿ ಕಳಿಸಿದೆ, ನಾಳೆ ಬಸ್ ನಿಲ್ದಾಣಕ್ಕೆ ಒಬ್ಬಳೇ ಬಾ, ಕೆಂಪಿ ಕಾಲಿನ ವಿಷಯ ಎಂದು. ಮೊದಲು ಅವಳಿಗೆ ಹೇಳುತ್ತೇನೆ. ಆಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತೇವೆ, ಅವಳು ನನ್ನ ಜೊತೆ ಬರಲು ಒಪ್ಪಿದರೆ. ಅಪ್ಪಾ, ನೀನೂ ಬಂದು ನನ್ನ ಪಕ್ಕ ನಿಲ್ಲು. ಹಂಪಾಪುರದ ಬಸ್ ನಿಲ್ದಾಣ, ನಾಳೆ ಶನಿವಾರ, ಬೆಳಿಗ್ಗೆ ಎಂಟು ಗಂಟೆ.