ರೇಡಾರಿನ ನಕ್ಷೆ ನಂಬಿ ಗುಡ್ಡ ಹತ್ತಿದೆವು

ಹವಾಮಾನ ಕಚೇರಿಯ ಮುಖ್ಯಸ್ಥರೇ,

ಕೆಟ್ಟುಹೋದ ರೇಡಾರನ್ನು ಕೆಟ್ಟುಹೋಗಿದೆ ಎಂದು ಜಾಲತಾಣದಲ್ಲಿ ಬರೆಯಲು ತಮಗೇನು ಅಡ್ಡಿಯಿತ್ತು? ಒಂದೇ ಒಂದು ಸಾಲು ಸಾಕಿತ್ತು. ಅದಿಲ್ಲದ್ದರಿಂದ ಕಳೆದ ಶನಿವಾರ ಮೂವತ್ತೆರಡು ಮಕ್ಕಳನ್ನು ನಾನು ಕೈಯಾರೆ ಸಿಡಿಲಿನ ಬಾಯಿಗೆ ಒಯ್ದೆ.

ನಾನು ಶಾಲೆಯೊಂದರ ಆಟದ ಟೀಚರ್. ಏಳನೇ ತರಗತಿಯವರನ್ನು ಊರಾಚೆಯ ಬೋಳುಗುಡ್ಡದ ಚಾರಣಕ್ಕೆ ಕರೆದೊಯ್ಯುವ ಮುನ್ನ ಮೂರು ಸಲ ತಮ್ಮ ರೇಡಾರ್ ನಕ್ಷೆ ತೆರೆದು ನೋಡಿದೆ. ಎಲ್ಲೂ ಮೋಡದ ಚುಕ್ಕೆಯಿಲ್ಲ. "ಯಾಕೋ ಆ ಕಡೆ ಕಪ್ಪಗಾಗ್ತಿದೆ ಮಿಸ್," ಎಂದ ಬಸ್ಸಿನ ಚಾಲಕರ ಮುಖಕ್ಕೇ ಫೋನ್ ಹಿಡಿದು, "ಇದು ಸರ್ಕಾರದ ಯಂತ್ರ ಅಣ್ಣ, ನಮ್ಮ ಕಣ್ಣಿಗಿಂತ ದೂರ ನೋಡುತ್ತೆ," ಎಂದು ಜಂಬ ಕೊಚ್ಚಿದೆ. ಗುಡ್ಡದ ನೆತ್ತಿಯಲ್ಲಿ ಒಬ್ಬ ಹುಡುಗಿಯ ಕೂದಲು ಇದ್ದಕ್ಕಿದ್ದಂತೆ ನೆಟ್ಟಗೆ ಎದ್ದು ನಿಂತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ; ಅವಳನ್ನು ನಿಲ್ಲಿಸಿ ಫೋಟೊ ತೆಗೆದೆ. ಸಿಡಿಲು ಬಡಿಯುವ ಮುನ್ನ ಹಾಗಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಊಟಕ್ಕೆಂದು ಕೆಳಗಿನ ತಗ್ಗಿಗೆ ಇಳಿದು ಐದು ನಿಮಿಷವಾಗಿರಲಿಲ್ಲ, ನಾವು ನಿಂತಿದ್ದ ನೆತ್ತಿಯಲ್ಲಿ ನೆಟ್ಟಿದ್ದ ಮರದ ಕಂಬ ಸಿಡಿಲು ಬಡಿದು ಸೀಳಿಹೋಯಿತು. ಹಸಿವು ಹಸಿವು ಎಂದು ಮಕ್ಕಳು ಪೀಡಿಸದಿದ್ದರೆ ನಾವಿನ್ನೂ ಅಲ್ಲೇ ಇರುತ್ತಿದ್ದೆವು.

ಸೋಮವಾರ ತಮ್ಮ ಕಚೇರಿಗೆ ಫೋನ್ ಮಾಡಿದೆ. "ರೇಡಾರ್ ರಿಪೇರೀಲಿದೆ ಕಣಮ್ಮ, ಹನ್ನೊಂದು ದಿನ ಆಯ್ತು," ಎಂದರು ಒಬ್ಬರು.

"ಮತ್ತೆ ನಕ್ಷೇಲಿ ಮೋಡಾನೇ ಇರ್ಲಿಲ್ವಲ್ಲ ಸಾರ್?"

"ಯಂತ್ರಾನೇ ಓಡ್ತಿಲ್ಲ ಅಂದ್ಮೇಲೆ ಮೋಡ ಎಲ್ಲಿಂದ ಬರುತ್ತೆ?"

ಎಷ್ಟು ಸುಲಭ! ಯಂತ್ರ ನಿಲ್ಲಿಸಿ ಹನ್ನೊಂದು ದಿನ ಮಳೆಯನ್ನೇ ತಡೆದ ತಮ್ಮ ಇಲಾಖೆಗೆ ಸನ್ಮಾನ ಮಾಡಬೇಡವೇ? ಮೋಡವಿಲ್ಲದ ನಕ್ಷೆಯೂ ಸತ್ತ ಯಂತ್ರದ ನಕ್ಷೆಯೂ ಒಂದೇ ಥರ ಕಂಡರೆ ನಮ್ಮಂಥವರು ಗುರುತಿಸುವುದು ಹೇಗೆ?

ವ್ಯಂಗ್ಯ ಸಾಕು. ನನಗೆ ಭಯವಾಗುತ್ತಿದೆ. ಫ್ಯಾನಿನ ಗಾಳಿಗೆ ಮಕ್ಕಳ ಕೂದಲು ಹಾರಿದರೂ ಕಿಟಕಿಗೆ ಓಡಿ ಆಕಾಶ ನೋಡುತ್ತೇನೆ. ಈ ಶನಿವಾರ ಆರನೇ ತರಗತಿಯವರ ಸರದಿ. ಬೇಡವೆಂದು ಹೆಡ್‌ಮಿಸ್ಸಿಗೆ ಕೈಮುಗಿದೆ. "ಗಾಬರಿ ಬಿಡಮ್ಮ, ಸಿಡಿಲೇನು ವಾರವಾರ ಬೀಳುತ್ತಾ?" ಎಂದರು.

ಆದ್ದರಿಂದ ಶುಕ್ರವಾರದೊಳಗೆ ಇಷ್ಟು ಮಾಡಿ: ಪ್ರತಿ ಚಿತ್ರದ ಮೇಲೂ ಅದನ್ನು ತೆಗೆದ ಹೊತ್ತನ್ನು ದಪ್ಪಕ್ಷರದಲ್ಲಿ ಹಾಕಿ. ಯಂತ್ರ ನಿಂತಾಗ ನಕ್ಷೆ ತೆಗೆದು, ನಿಂತಿದೆ ಎಂದು ಬರೆಯಿರಿ. ಪೋಷಕರ ಒಪ್ಪಿಗೆ ಚೀಟಿಗಳು ಆಗಲೇ ನನ್ನ ಮೇಜಿಗೆ ಬಂದಿವೆ. ಒಬ್ಬ ತಂದೆ ಸಹಿಯ ಕೆಳಗೆ, "ಟೀಚರ್ ಎಲ್ಲ ನೋಡಿಕೊಂಡೇ ಕರೆದೊಯ್ಯುತ್ತಾರೆ, ನಮಗೆ ಚಿಂತೆಯಿಲ್ಲ," ಎಂದು ಬರೆದಿದ್ದಾರೆ. ನಾನು ಏನನ್ನು ನೋಡಲಿ, ಹೇಳಿ.

ಇಂತಿ,
ತಮ್ಮನ್ನು ನಂಬಿ ಕೆಟ್ಟ
ಒಬ್ಬ ಆಟದ ಟೀಚರ್